ಕುಂಡದ ಟುಲಿಪ್ ಎರಡನೇ ವರ್ಷವೂ ಅರಳಬೇಕಾದರೆ

ಹೂವು ಮುಗಿದ ಟುಲಿಪ್ ಕುಂಡವನ್ನು ಏನು ಮಾಡುವುದು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಎಸೆದುಬಿಡಿ, ಬರುವ ವರ್ಷ ಹೊಸ ಗೆಡ್ಡೆ ತನ್ನಿ. ಈ ಮಾತು ಪೂರ್ತಿ ಸುಳ್ಳಲ್ಲ. ಏನೂ ಮಾಡದೆ ಬಿಟ್ಟ ಕುಂಡದಲ್ಲಿ ಮರುವರ್ಷ ಒಂದೊಂದು ಅಗಲ ಎಲೆ ಮಾತ್ರ ಏಳುತ್ತದೆ, ಹೂವಿರುವುದಿಲ್ಲ. ಆದರೆ ಅದಕ್ಕೆ ಗಿಡದ ಸ್ವಭಾವವಷ್ಟೇ ಕಾರಣವಲ್ಲ. ಎಸಳು ಉದುರಿದ ಮೇಲಿನ ಆರು ವಾರಗಳಲ್ಲಿ ಮುಂದಿನ ವರ್ಷದ ಹೂವಿಗೆ ಬೇಕಾದ ಶಕ್ತಿಯೆಲ್ಲ ಸಂಗ್ರಹವಾಗುತ್ತದೆ. ನಾವು ಕುಂಡವನ್ನು ಮೂಲೆಗೆ ಸರಿಸಿ ನೀರು ನಿಲ್ಲಿಸುವುದೂ ಅದೇ ಆರು ವಾರಗಳಲ್ಲಿ.

ಚಳಿಗಾಲ ಚೆನ್ನಾಗಿರುವ ಊರುಗಳಲ್ಲಿ ಇದು ಸಾಧಾರಣ ಶ್ರದ್ಧೆಯಿಂದ ಆಗುವ ಕೆಲಸ. ನೆದರ್‌ಲ್ಯಾಂಡ್ಸ್, ಇಂಗ್ಲೆಂಡ್, ಅಮೆರಿಕದ ನ್ಯೂಜೆರ್ಸಿ ಕಡೆ ನೆಲೆಸಿರುವ ಕನ್ನಡಿಗರು ಇದನ್ನು ಧೈರ್ಯವಾಗಿ ಮಾಡಬಹುದು. ಬೆಂಗಳೂರಿನಲ್ಲಿ ಕಷ್ಟ, ಆದರೂ ಫ್ರಿಜ್ ಇದ್ದರೆ ಪ್ರಯತ್ನಕ್ಕೆ ಅರ್ಥವಿದೆ. ಎರಡಕ್ಕೂ ಬೇಕಾದ ವಿವರ ಇಲ್ಲಿದೆ.

ಮಣ್ಣಿನೊಳಗೆ ಆಗುವುದೇನು

ಅಮರಿಲ್ಲಿಸ್ ಗೆಡ್ಡೆ ವರ್ಷದಿಂದ ವರ್ಷಕ್ಕೆ ತಾನೇ ದಪ್ಪವಾಗುತ್ತಾ ಹೋಗುತ್ತದೆ. ಟುಲಿಪ್ ಹಾಗಲ್ಲ. ನೀವು ನೆಟ್ಟ ಗೆಡ್ಡೆ ಆ ವರ್ಷದ ಹೂವಿಗೆ ತನ್ನ ಪಿಷ್ಟವನ್ನೆಲ್ಲ ಸುರಿದು ಕರಗಿಹೋಗುತ್ತದೆ. ಅದರ ಪದರಗಳ ನಡುವೆ ಹುಟ್ಟಿದ ಮರಿಗೆಡ್ಡೆಗಳು ಆ ಜಾಗ ಹಿಡಿಯುತ್ತವೆ. ಕಂದು ಸಿಪ್ಪೆಯೊಳಗೆ ಬೇಸಿಗೆಯಲ್ಲಿ ನಿಮ್ಮ ಕೈಗೆ ಸಿಗುವುದು ಹಳೆಯ ಗೆಡ್ಡೆಯಲ್ಲ, ಅದರ ಮಕ್ಕಳು. ಸಾಮಾನ್ಯವಾಗಿ ಒಂದು ದೊಡ್ಡದು, ಎರಡೋ ಮೂರೋ ಚಿಕ್ಕವು. ಆ ದೊಡ್ಡ ಮರಿಯ ಸುತ್ತಳತೆ ಸುಮಾರು 10–11 ಸೆಂ.ಮೀ. ಮುಟ್ಟಿದರೆ ಹೂವು ನಂಬಿಕೆಯಾಗಿ ಬರುತ್ತದೆ. 8 ಸೆಂ.ಮೀ.ಗಿಂತ ಕಡಿಮೆಯಾದರೆ ಎಲೆ ಮಾತ್ರ. ಹಾಗಾಗಿ ನಮ್ಮ ಕೆಲಸವೆಲ್ಲ ಆ ಒಂದು ಮರಿಯನ್ನು ದಪ್ಪ ಮಾಡುವುದು.

ಟುಲಿಪ್‌ನ ಕಾಡು ಸಂಬಂಧಿಗಳು ಹೆಚ್ಚಾಗಿ ಬೆಳೆಯುವುದು ಮಧ್ಯ ಏಷ್ಯಾದ ಟಿಯೆನ್ ಶಾನ್, ಪಾಮಿರ್ ಬೆಟ್ಟಗಳಲ್ಲಿ. ಅಲ್ಲಿ ಚಳಿಗಾಲವಿಡೀ ಹಿಮ, ವಸಂತದಲ್ಲಿ ಸ್ವಲ್ಪ ದಿನ ನೀರು ಮತ್ತು ಬಿಸಿಲು, ಬೇಸಿಗೆಯಲ್ಲಿ ಒಣ ಕಲ್ಲುನೆಲ. ಗೆಡ್ಡೆಯ ಗಡಿಯಾರ ಆ ಕ್ರಮಕ್ಕೇ ಹೊಂದಿಕೊಂಡಿದೆ. ಒಣ ಬೇಸಿಗೆಯ ಬೆಚ್ಚಗಿನ ದಿನಗಳಲ್ಲಿ ಗೆಡ್ಡೆಯೊಳಗೆ ಪುಟ್ಟ ಮೊಗ್ಗು ರೂಪುಗೊಳ್ಳುತ್ತದೆ. ಅದಾದ ಮೇಲಿನ ಚಳಿಯಿಂದ ಅದರ ದೇಟು ಉದ್ದವಾಗುವ ಶಕ್ತಿ ಪಡೆಯುತ್ತದೆ. ಕ್ರಮ ತಪ್ಪಿದರೆ, ಅಂದರೆ ಕಿತ್ತ ತಕ್ಷಣ ಫ್ರಿಜ್‌ಗೆ ಇಟ್ಟರೆ, ಮೊಗ್ಗೇ ಹುಟ್ಟುವುದಿಲ್ಲ. ಬೇಸಿಗೆಯನ್ನು ತೇವದ ಮಣ್ಣಿನಲ್ಲಿ ಕಳೆದರೆ ಗೆಡ್ಡೆ ಕೊಳೆಯುತ್ತದೆ.

ಯಾವುದನ್ನು ಉಳಿಸಬೇಕು

ಎಲ್ಲ ಟುಲಿಪ್‌ಗೂ ಇಷ್ಟು ಶ್ರಮ ಪಡಬೇಕಿಲ್ಲ. ಅಂಚು ಚಿಂದಿಯಾದಂತೆ ಕಾಣುವ ಪ್ಯಾರಟ್ ಬಗೆ, ಎಸಳು ತುಂಬಿಕೊಂಡ ಡಬಲ್ ಬಗೆ ಎರಡನೇ ವರ್ಷಕ್ಕೆ ತೀರಾ ದುರ್ಬಲವಾಗುತ್ತವೆ. ಮರಳಿ ಬರುವುದರಲ್ಲಿ ಹೆಸರಾದವು ಡಾರ್ವಿನ್ ಹೈಬ್ರಿಡ್ ಗುಂಪಿನ ಅಪೆಲ್‌ಡೋರ್ನ್, ಪಿಂಕ್ ಇಂಪ್ರೆಷನ್‌ನಂಥವು. ಫಾಸ್ಟೀರಿಯಾನಾ ಗುಂಪಿನ ಬಿಳಿ ಪುರಿಸ್ಸಿಮಾ. ಎಲೆಯ ಮೇಲೆ ನೇರಳೆ ಪಟ್ಟಿಯಿರುವ ಗ್ರೇಗೀ ಗುಂಪಿನ ರೆಡ್ ರೈಡಿಂಗ್ ಹುಡ್. ಕಾಡು ಜಾತಿಗಳಾದ ಟಾರ್ಡಾ, ಕ್ಲೂಸಿಯಾನಾ ಇನ್ನೂ ಗಟ್ಟಿ. ಕ್ಲೂಸಿಯಾನಾಕ್ಕೆ ಚಳಿಯೂ ಕಡಿಮೆ ಸಾಕು. ಕ್ಯಾಲಿಫೋರ್ನಿಯಾದಂಥ ಮೃದು ಚಳಿಯ ಕಡೆಯಲ್ಲಿ ನೆಲದಲ್ಲೇ ಬಿಟ್ಟರೂ ಅದು ಮರಳುತ್ತದೆ. ಹೊಸದಾಗಿ ಕೊಳ್ಳುವವರು ಆರಂಭದಲ್ಲೇ ಇವುಗಳನ್ನು ಆರಿಸಿಕೊಂಡರೆ ಅರ್ಧ ಕೆಲಸ ಹಗುರಾಗುತ್ತದೆ.

ಗಾಜಿನ ಹೂಜಿಯಲ್ಲಿ ಬರೀ ನೀರಿನ ಮೇಲೆ ಅರಳಿಸಿದ ಗೆಡ್ಡೆಯನ್ನು ಬಿಟ್ಟುಬಿಡಿ. ಮಣ್ಣಿನ ಪೋಷಣೆಯಿಲ್ಲದೆ ಅದು ಬರಿದಾಗಿರುತ್ತದೆ. ಬಿಡಿ ಹೂವಿನಂತೆ ಎಲೆ ಸಮೇತ ಕತ್ತರಿಸಿದ ಗಿಡಕ್ಕೂ ಇದೇ ಮಾತು. ಎಸಳಿನ ಬಣ್ಣ ಇದ್ದಕ್ಕಿದ್ದಂತೆ ಜ್ವಾಲೆಯ ಹಾಗೆ ಗೆರೆಗೆರೆಯಾಗಿ ಒಡೆದಿದ್ದರೆ ಆ ಗಿಡಕ್ಕೆ ವೈರಸ್ ತಗುಲಿರಬಹುದು. 17ನೇ ಶತಮಾನದ ಹಾಲೆಂಡಿನಲ್ಲಿ ಜನ ಹುಚ್ಚೆದ್ದು ಹಣ ಸುರಿದದ್ದು ಇಂಥ ಗೆರೆಯ ಹೂಗಳಿಗೇ. ವೈರಸ್ ಗೆಡ್ಡೆಯನ್ನು ವರ್ಷವರ್ಷವೂ ಸೊರಗಿಸುತ್ತದೆ, ಸಸ್ಯಹೇನಿನ ಮೂಲಕ ಪಕ್ಕದ ಗಿಡಕ್ಕೂ ದಾಟುತ್ತದೆ. ಕೊಳ್ಳುವಾಗಲೇ ಗೆರೆಯಿದ್ದ ತಳಿಯಾದರೆ ಚಿಂತೆಯಿಲ್ಲ. ಈಗಿನ ಗೆರೆಯ ತಳಿಗಳು ವೈರಸ್‌ನಿಂದ ಹುಟ್ಟಿದವಲ್ಲ. ಒಂದೇ ಬಣ್ಣವಿದ್ದದ್ದು ಒಡೆದರೆ ಮಾತ್ರ ಗೆಡ್ಡೆ ಸಮೇತ ತೆಗೆದುಹಾಕಿ.

ಹೂವು ಬಾಡಿದ ದಿನದಿಂದ ಆರು ವಾರ

ಎಸಳು ಸಡಿಲವಾದ ಕೂಡಲೇ ಹೂವಿನ ತಲೆಯನ್ನು, ಅದರ ಬುಡದ ಹಸಿರು ಕಾಯಿ ಸಮೇತ, ಬೆರಳಿನಿಂದ ಮುರಿದು ತೆಗೆಯಿರಿ. ಕಾಯಿ ಬಿಟ್ಟರೆ ಬೀಜ ಕಟ್ಟುವುದಕ್ಕೆ ಆಹಾರ ಹರಿದುಹೋಗುತ್ತದೆ. ದೇಟನ್ನು ಮಾತ್ರ ಬುಡದವರೆಗೆ ಕತ್ತರಿಸಬೇಡಿ. ಹಸಿರು ದೇಟು ಕೂಡ ಎಲೆಯಂತೆಯೇ ಬಿಸಿಲಲ್ಲಿ ಅಡುಗೆ ಮಾಡುತ್ತದೆ. ಟುಲಿಪ್‌ಗೆ ಇರುವುದೇ ಮೂರೋ ನಾಲ್ಕೋ ಎಲೆ, ಹೊಸ ಎಲೆ ಆ ವರ್ಷ ಮತ್ತೆ ಬರುವುದಿಲ್ಲ. ಒಂದು ಎಲೆ ಕಳೆದುಕೊಂಡರೂ ಮರಿಗೆಡ್ಡೆಯ ಗಾತ್ರದಲ್ಲಿ ಅದು ಕಾಣುತ್ತದೆ. ಅಂದಕ್ಕೆಂದು ಎಲೆಗಳನ್ನು ಜಡೆ ಹೆಣೆಯುವುದು, ರಬ್ಬರ್ ಬ್ಯಾಂಡ್ ಹಾಕಿ ಮಡಚುವುದು ಬೇಡವೇ ಬೇಡ.

ಅಂಗಡಿಯಿಂದ ತಂದ ಕುಂಡವಾದರೆ ಇದೇ ಹೊತ್ತಿಗೆ ದೊಡ್ಡ ಕುಂಡಕ್ಕೆ ದಾಟಿಸಬೇಕು. 12–15 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಐದರಿಂದ ಒಂಬತ್ತು ಗೆಡ್ಡೆ ತುರುಕಿರುತ್ತಾರೆ, ಮರಿಗಳು ದಪ್ಪವಾಗಲು ಜಾಗವೇ ಇರುವುದಿಲ್ಲ. 25 ಸೆಂ.ಮೀ. ಆಳದ ಕುಂಡ ತೆಗೆದುಕೊಂಡು ಮಣ್ಣಿನ ಹೆಂಟೆ ಒಡೆಯದಂತೆ ಹಾಗೇ ಇಳಿಸಿ, ಸುತ್ತ ಹೊಸ ಮಣ್ಣು ತುಂಬಿ. ಬೇರು ಬಿಡಿಸುವ ಆಸೆ ಬೇಡ. ಟುಲಿಪ್ ಬೇರು ಕವಲೊಡೆಯುವುದಿಲ್ಲ, ಮುರಿದ ಬೇರು ಅದೇ ವರ್ಷ ಮತ್ತೆ ಬೆಳೆಯುವುದನ್ನು ನಂಬುವಂತಿಲ್ಲ.

ಮಣ್ಣಿನ ಪಾಕ: ಕೆಮ್ಮಣ್ಣು ಅಥವಾ ತೋಟದ ಮಣ್ಣು ಎರಡು ಪಾಲು, ದಪ್ಪ ಮರಳು ಅಥವಾ ಪರ್ಲೈಟ್ ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು. ತೆಂಗಿನ ನಾರಿನ ಪುಡಿ ಹಾಕಲೇಬೇಕೆಂದರೆ ಒಟ್ಟು ಮಿಶ್ರಣದ ಕಾಲು ಭಾಗ ಮೀರದಿರಲಿ. ಮೇಲೆ ಒಣಗಿದಂತೆ ಕಂಡರೂ ಅದು ಒಳಗೆ ನೀರು ಹಿಡಿದಿರುತ್ತದೆ. ಹಸಿ ಸಗಣಿ ಗೊಬ್ಬರ ಕೊಳೆರೋಗವನ್ನು ಕರೆತರುತ್ತದೆ.

ಇನ್ನು ನೀರು. ಮಣ್ಣಿನಲ್ಲಿ ಬೆರಳನ್ನು ಒಂದು ಗೆಣ್ಣಿನಷ್ಟು ಇಳಿಸಿದಾಗ ಒಣಗಿದ್ದರೆ, ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ; ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ವಾರಕ್ಕೊಮ್ಮೆ ಪೊಟ್ಯಾಷ್ ಹೆಚ್ಚಿರುವ ದ್ರವಗೊಬ್ಬರ ಕೊಡಿ. ನಮ್ಮಲ್ಲಿ ಗೊಬ್ಬರದಂಗಡಿಯಲ್ಲಿ ಸಿಗುವ 13-0-45 ಲೀಟರಿಗೆ 1 ಗ್ರಾಂ ಸಾಕು, ಪರದೇಶದಲ್ಲಾದರೆ ಟೊಮೆಟೊ ಗಿಡಕ್ಕೆಂದು ಮಾರುವ ದ್ರವ ಅರ್ಧ ಪ್ರಮಾಣದಲ್ಲಿ. ಯೂರಿಯಾ ಹತ್ತಿರ ತರಬೇಡಿ. ಸಾರಜನಕ ಅತಿಯಾದರೆ ಗೆಡ್ಡೆ ಮೆತ್ತಗಾಗಿ ಕೊಳೆತಕ್ಕೆ ಬೇಗ ತುತ್ತಾಗುತ್ತದೆ. ಎಲೆ ತುದಿ ಹಳದಿಯಾಗತೊಡಗಿದ ದಿನ ಗೊಬ್ಬರ ನಿಲ್ಲಿಸಿ, ನೀರನ್ನೂ ಕ್ರಮೇಣ ಕಡಿಮೆ ಮಾಡಿ.

ತಂಪು ದೇಶದಲ್ಲಿ ಈ ಅವಧಿಯಲ್ಲಿ ಪೂರ್ತಿ ಬಿಸಿಲು ಬೇಕು. ಬೆಂಗಳೂರಿನಲ್ಲಿ ಬೆಳಗಿನ ಮೂರು-ನಾಲ್ಕು ಗಂಟೆ ಬಿಸಿಲು ಸಿಕ್ಕಿ ಆಮೇಲೆ ನೆರಳಾಗುವ ಪೂರ್ವದ ಬಾಲ್ಕನಿ ಒಳ್ಳೆಯದು. ಕಾದ ಗಾರೆಯ ಮೇಲೆ ಕುಂಡ ಇಡಬೇಡಿ. ಬೇರಿನ ಬುಡ ಬಿಸಿಯಾದರೆ ಎಲೆ ಎರಡೇ ವಾರದಲ್ಲಿ ಒಣಗಿ, ಮರಿಗೆಡ್ಡೆ ಗೋಲಿಯ ಗಾತ್ರದಲ್ಲೇ ನಿಂತುಬಿಡುತ್ತದೆ. ಈ ಕಾರಣಕ್ಕೇ ಪ್ಲಾಸ್ಟಿಕ್‌ಗಿಂತ ಮಣ್ಣಿನ ಕುಂಡ ಮೇಲು. ಅದರ ಗೋಡೆಯಿಂದ ನೀರು ಆವಿಯಾಗುತ್ತಾ ಒಳಗನ್ನು ತಂಪಾಗಿಡುತ್ತದೆ.

ಕೀಳುವುದು, ಅಳೆಯುವುದು, ಒಣಗಿಸುವುದು

ಎಲೆಯ ಮುಕ್ಕಾಲು ಭಾಗ ಹಳದಿಯಾಗಿ, ಮೆಲ್ಲಗೆ ಎಳೆದರೆ ಕೈಗೆ ಬರುವಂತಾದಾಗ ಕೀಳುವ ಸಮಯ. ಕುಂಡವನ್ನು ಪೂರ್ತಿ ಮಗುಚಿ ಮಣ್ಣನ್ನು ಕೈಯಿಂದ ಪುಡಿಮಾಡಿ ಹುಡುಕಿ. ಮರಿಗಳು ಕೆಲವೊಮ್ಮೆ ಕುಂಡದ ತಳಕ್ಕೇ ಇಳಿದಿರುತ್ತವೆ. ತೊಳೆಯಬೇಡಿ. ನೆರಳಲ್ಲಿ, ಗಾಳಿಯಾಡುವ ಕಡೆ, ಪತ್ರಿಕೆಯ ಹಾಳೆಯ ಮೇಲೆ ಎರಡು-ಮೂರು ದಿನ ಹರಡಿ. ಆಮೇಲೆ ಒಣಗಿದ ಬೇರು, ಹಳೆಯ ಗೆಡ್ಡೆಯ ಬಾಡಿದ ಸಿಪ್ಪೆ, ಅಂಟಿದ ಮಣ್ಣು ಉದುರಿಸಿ. ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ಟುಲಿಪ್ ಗೆಡ್ಡೆಯ ರಸ ಕೆಲವರ ಬೆರಳ ತುದಿಗೆ ತುರಿಕೆ, ಬಿರುಕು ತರುತ್ತದೆ. ಹಾಲೆಂಡಿನ ಗೆಡ್ಡೆ ಕೆಲಸಗಾರರಲ್ಲಿ ಇದು ಹೆಸರುಳ್ಳ ಕಾಯಿಲೆ.

ಒಂದು ದಾರ ತೆಗೆದುಕೊಂಡು ಗೆಡ್ಡೆಯ ಹೊಟ್ಟೆಯ ಸುತ್ತ ಸುತ್ತಿ, ಸ್ಕೇಲಿನ ಮೇಲೆ ಅಳೆಯಿರಿ. 10 ಸೆಂ.ಮೀ. ದಾಟಿದವು ಒಂದು ಚೀಲಕ್ಕೆ, ಇವು ಬರುವ ವರ್ಷದ ಹೂವು. 8ರಿಂದ 10ರವು ಇನ್ನೊಂದಕ್ಕೆ, ಅರಳಿದರೆ ಅರಳಿತು. ಅದಕ್ಕಿಂತ ಚಿಕ್ಕವು ಹೂಬಿಡಲು ಎರಡು-ಮೂರು ವರ್ಷ ಬೇಕು. ಚಳಿಯ ಊರಿನಲ್ಲಿ ನೆಲದ ಮೂಲೆಯಲ್ಲಿ ನೆಟ್ಟು ಬೆಳೆಸಬಹುದು. ಬೆಂಗಳೂರಿನಲ್ಲಿ ಅವುಗಳಿಗೆ ಫ್ರಿಜ್ ಜಾಗ ಕೊಡುವುದು ವ್ಯರ್ಥ. ಒತ್ತಿದರೆ ಮೆತ್ತಗಿರುವ, ಹುಳಿ ವಾಸನೆ ಬರುವ ಗೆಡ್ಡೆ ಫ್ಯುಸೇರಿಯಂ ಶಿಲೀಂಧ್ರದ್ದು. ಅದನ್ನು ತಕ್ಷಣ ಬೇರೆ ಮಾಡಿ. ಅದು ಕೊಳೆಯುವಾಗ ಬಿಡುವ ಇಥಿಲೀನ್ ಅನಿಲ ಪಕ್ಕದ ಒಳ್ಳೆಯ ಗೆಡ್ಡೆಗಳ ಒಳಗಿನ ಮೊಗ್ಗನ್ನೂ ಸಾಯಿಸುತ್ತದೆ.

ಉಳಿದವನ್ನು ಈರುಳ್ಳಿ ಬರುವಂಥ ಬಲೆಚೀಲದಲ್ಲಿ ಹಾಕಿ, 20ರಿಂದ 25 ಡಿಗ್ರಿ ಸೆಲ್ಸಿಯಸ್ ಇರುವ ಕತ್ತಲೆಯ, ಗಾಳಿಯ ಜಾಗದಲ್ಲಿ ತೂಗುಹಾಕಿ. ಒಳಗೆ ಮೊಗ್ಗು ಹುಟ್ಟುವುದು ಈ ದಿನಗಳಲ್ಲೇ. 30 ಡಿಗ್ರಿ ಮೀರಿದ ಸೆಕೆ ದಿನಗಟ್ಟಲೆ ತಗುಲಿದರೆ ಆ ಮೊಗ್ಗು ಒಣಗುತ್ತದೆ. ಆದ್ದರಿಂದ ಅಟ್ಟ, ಅಡುಗೆಮನೆಯ ಮೇಲ್ಗೂಡು, ಬಿಸಿಲು ಬೀಳುವ ಗೋಡೆ ಬೇಡ. ನೆಲಮಾಳಿಗೆ ಇಲ್ಲವೇ ಮನೆಯ ನಡುಕೋಣೆ, ಮಂಚದ ಕೆಳಗು ವಾಸಿ. ಮಳೆಗಾಲದ ಥಂಡಿಗೆ ನೀಲಿ ಬೂಸ್ಟು ಬಂದರೆ ಒಣಬಟ್ಟೆಯಿಂದ ಒರೆಸಿ, ಫ್ಯಾನಿನ ಗಾಳಿ ತಾಕುವ ಕಡೆ ಸರಿಸಿ. ಮೇಲುಮೇಲಿನ ಬೂಸ್ಟಿನಿಂದ ಗೆಡ್ಡೆ ಸಾಯುವುದಿಲ್ಲ.

ಮೊಗ್ಗು ನಿಜವಾಗಿ ಹುಟ್ಟಿದೆಯೇ ಎಂದು ನೋಡುವ ದಾರಿಯೂ ಇದೆ. ಗೆಡ್ಡೆಗಳು ಬೇಕಾದಷ್ಟಿದ್ದರೆ ಆಗಸ್ಟ್ ಕೊನೆಯಲ್ಲಿ ಒಂದನ್ನು ತುದಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ. ನಡುವಿನ ಎಳೆಯ ಚಿಗುರಿನೊಳಗೆ, ಅಕ್ಕಿಕಾಳಿಗಿಂತ ಚಿಕ್ಕದಾದ ಮೊಗ್ಗು, ಅದರೊಳಗೆ ಕೇಸರಗಳ ಸುತ್ತು ಭೂತಗನ್ನಡಿಯಲ್ಲಿ ಕಂಡರೆ ಫ್ರಿಜ್‌ಗೆ ಇಡಬಹುದು. ಬರೀ ಎಲೆಯ ಪದರ ಕಂಡರೆ ಇನ್ನೂ ಮೂರು ವಾರ ಕಾಯಿರಿ.

ಚಳಿ ಕೊಡುವುದು

ಬೇಕಾದದ್ದು 2ರಿಂದ 9 ಡಿಗ್ರಿಯ ನಡುವೆ ಸತತ 12ರಿಂದ 16 ವಾರ. ಮಧ್ಯೆ ಹೊರಗೆ ತೆಗೆದು ವಾರಗಟ್ಟಲೆ ಬೆಚ್ಚಗಿಟ್ಟರೆ ಆವರೆಗಿನ ಚಳಿಯ ಫಲ ಭಾಗಶಃ ಅಳಿಯುತ್ತದೆ.

ಹಿಮ ಬೀಳುವ ಊರಿನಲ್ಲಿ ಇದು ಸುಲಭ. ಮಣ್ಣು 10–12 ಡಿಗ್ರಿಗೆ ತಣಿದ ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ ಹೊಸ ಮಣ್ಣು ತುಂಬಿದ ಕುಂಡದಲ್ಲಿ ನೆಡಿ. ಆಳ ಗೆಡ್ಡೆಯ ಎತ್ತರದ ಎರಡರಿಂದ ಮೂರರಷ್ಟು. 25 ಸೆಂ.ಮೀ. ಅಗಲದ ಕುಂಡಕ್ಕೆ ಆರೇಳು ಗೆಡ್ಡೆ. ಅಂಗಡಿಯವರು ಹನ್ನೆರಡು ತುಂಬುವುದು ನೋಟಕ್ಕಾಗಿ, ನಿಮಗೆ ಬೇಕಾದದ್ದು ದಪ್ಪ ಮರಿ. ಗೆಡ್ಡೆಯ ಚಪ್ಪಟೆ ಮಗ್ಗುಲನ್ನು ಕುಂಡದ ಅಂಚಿನ ಕಡೆ ತಿರುಗಿಸಿ. ಮೊದಲ ಅಗಲ ಎಲೆ ಆ ಕಡೆಗೇ ಬಾಗಿ ಹೊರಗೆ ಇಳಿಯುವುದರಿಂದ ನಡುವಿನ ಗಿಡಗಳಿಗೆ ಬೆಳಕು ಸಿಗುತ್ತದೆ. ಅಳಿಲು ತೋಡದಂತೆ ಮೇಲೊಂದು ಕೋಳಿಬಲೆ ಹೊದಿಸಿ. ಕುಂಡಕ್ಕೆ ಚಳಿ ಸುತ್ತಲಿಂದಲೂ ತಾಕುವುದರಿಂದ ನೆಲದ ಮಣ್ಣಿಗಿಂತ ಬೇಗ ಕಲ್ಲಾಗುತ್ತದೆ, ಬೇರು ಸಾಯುತ್ತದೆ. ಕಡುಚಳಿಯ ಊರಾದರೆ ಹೀಟರ್ ಇಲ್ಲದ ಗ್ಯಾರೇಜಿನಲ್ಲಿಟ್ಟು ಮೂರು-ನಾಲ್ಕು ವಾರಕ್ಕೊಮ್ಮೆ ಸ್ವಲ್ಪ ನೀರು ಹಾಕಿ, ಮಾರ್ಚ್‌ನಲ್ಲಿ ಮೊಳಕೆ ಕಂಡಾಗ ಹೊರಗೆ ತನ್ನಿ.

ಬೆಂಗಳೂರಿನ ಡಿಸೆಂಬರ್-ಜನವರಿ ರಾತ್ರಿ 15–16 ಡಿಗ್ರಿಯ ಆಸುಪಾಸು. ಅದು ನಮಗೆ ಚಳಿ, ಟುಲಿಪ್‌ಗೆ ಅಲ್ಲ. ಮಡಿಕೇರಿ, ಚಿಕ್ಕಮಗಳೂರಿನ ಚಳಿಯೂ ಸಾಲದು. ಕುಂಡದ ಮೇಲೆ ಐಸ್ ತುಂಡು ಇಡುವುದರಿಂದ ಹದಿನಾಲ್ಕು ವಾರದ ಚಳಿ ತುಂಬುವುದಿಲ್ಲ. ಫ್ರಿಜ್ ಒಂದೇ ದಾರಿ. ಟೆಕ್ಸಾಸ್ ಅಥವಾ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇರುವವರಿಗೂ ಇದೇ ವಿಧಾನ.

ಬೆಂಗಳೂರಿನ ಲೆಕ್ಕಾಚಾರ ಹೀಗೆ: ಜನವರಿ ಕೊನೆ, ಫೆಬ್ರವರಿಯಲ್ಲಿ ಅರಳಿದ ಕುಂಡ, ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ವಾರ ಕೀಳುವುದು, ಸೆಪ್ಟೆಂಬರ್ ಮಧ್ಯದವರೆಗೆ ಒಣ ವಿಶ್ರಾಂತಿ, ಅಲ್ಲಿಂದ ಡಿಸೆಂಬರ್ ಕೊನೆಯವರೆಗೆ ಫ್ರಿಜ್, ಆಮೇಲೆ ಹೊರಗೆ. ಹೀಗೆ ಎಣಿಸಿದರೆ ಹೂವೂ ಅದರ ನಂತರದ ಎಲೆಯ ಆರು ವಾರಗಳೂ ವರ್ಷದ ಅತಿ ತಂಪಿನ ದಿನಗಳಿಗೆ ಹತ್ತಿರ ಬೀಳುತ್ತವೆ. ಒಂದು ತಿಂಗಳು ತಡವಾದರೆ ಎಲೆ ಏಪ್ರಿಲ್ ಬಿಸಿಲಿಗೆ ಸಿಕ್ಕಿ ಮೂರನೇ ವರ್ಷದ ಆಸೆ ಬಿಡಬೇಕಾಗುತ್ತದೆ.

ಫ್ರಿಜ್‌ನಲ್ಲಿ ಇಡಬೇಕಾದದ್ದು ಕೆಳಗಿನ ತರಕಾರಿ ಡ್ರಾಯರ್ ಬಳಿ, 4–6 ಡಿಗ್ರಿ ಇರುವ ಕಡೆ. ಫ್ರೀಜರ್‌ಗೆ ತಾಗಿದ ಹಲಗೆ ಬೇಡ. ತೂತು ಹಾಕಿದ ಕಾಗದದ ಚೀಲ ಬಳಸಿ. ಪ್ಲಾಸ್ಟಿಕ್ ಬೆವತು ಗೆಡ್ಡೆ ಕೊಳೆಯುತ್ತದೆ. ಸೇಬು, ಬಾಳೆ, ಮಾವು, ಟೊಮೆಟೊ ಅದೇ ಫ್ರಿಜ್‌ನಲ್ಲಿ ಇರಲೇಬಾರದು. ಹಣ್ಣಾಗುವಾಗ ಅವು ಬಿಡುವ ಇಥಿಲೀನ್ ಒಳಗಿನ ಮೊಗ್ಗನ್ನು ಕೊಲ್ಲುತ್ತದೆ, ಹೊರಗಿನಿಂದ ಗೆಡ್ಡೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಮನೆಯ ಒಂದೇ ಫ್ರಿಜ್‌ನಲ್ಲಿ ಮಾಡಿ ವಿಫಲರಾದವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಸಾಧ್ಯವಾದರೆ ಚಿಕ್ಕದೊಂದು ಬೇರೆ ಫ್ರಿಜ್ ಇರಲಿ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ «ಹೂವಿನ ಗೆಡ್ಡೆ, ತಿನ್ನಬಾರದು» ಎಂದು ಬರೆದು ದಿನಾಂಕ ಹಾಕಿ. ನೋಡಲು ಥೇಟ್ ಈರುಳ್ಳಿಯಂತಿರುವ ಇದು ಮನುಷ್ಯರಿಗೂ ನಾಯಿ-ಬೆಕ್ಕಿಗೂ ವಿಷ. ಸಾರಿಗೆ ಹೆಚ್ಚಿಬಿಡುವ ಅಪಾಯ ನಿಜವಾಗಿಯೂ ಇದೆ. ಮೂರು ವಾರಕ್ಕೊಮ್ಮೆ ತೆಗೆದು ಮುಟ್ಟಿ ನೋಡಿ, ಮೆತ್ತಗಾದದ್ದನ್ನು ಎಸೆಯಿರಿ.

ಹತ್ತು ವಾರ ಹೀಗೆ ಒಣಗಿಯೇ ಇಟ್ಟು, ಕೊನೆಯ ನಾಲ್ಕೈದು ವಾರ ಮಣ್ಣಿನಲ್ಲಿ ನೆಟ್ಟು ಫ್ರಿಜ್‌ನಲ್ಲೇ ಇಡುವುದು ಇನ್ನೂ ಒಳ್ಳೆಯ ವಿಧಾನ. ನೆಡುವ ಮುನ್ನ ಗೆಡ್ಡೆಯ ತಳದ ಬೇರುಬಿಲ್ಲೆಯ ಸುತ್ತಲಿನ ಕಂದು ಸಿಪ್ಪೆಯನ್ನು ಮಾತ್ರ ಉಗುರಿನಿಂದ ಬಿಡಿಸಿ. ಗಟ್ಟಿ ಸಿಪ್ಪೆ ಬೇರನ್ನು ತಡೆದು ಒಳಗೇ ಸುತ್ತಿಸುತ್ತದೆ. ಮಣ್ಣು ಹಿಂಡಿದರೆ ನೀರು ಬಾರದಷ್ಟು ತೇವ ಸಾಕು. ತಣ್ಣಗಿರುವಾಗಲೇ ಬೇರು ತುಂಬಿಕೊಂಡರೆ, ಹೊರಗೆ ತಂದ ಮೇಲೆ ಗಿಡ ಬಿಸಿಲಿಗೆ ಕುಗ್ಗುವುದಿಲ್ಲ. ಫ್ರಿಜ್‌ನಲ್ಲಿ ಕುಂಡಕ್ಕೆ ಜಾಗವಿಲ್ಲದಿದ್ದರೆ ಹದಿನಾಲ್ಕು ವಾರವನ್ನೂ ಚೀಲದಲ್ಲೇ ಮುಗಿಸಿ ಆಮೇಲೆ ನೆಡಿ, ಮೊದಲ ಎರಡು ವಾರ ಮನೆಯ ಅತಿ ತಂಪಾದ ನೆರಳಲ್ಲಿಡಿ. ಮೊಳಕೆ 4–5 ಸೆಂ.ಮೀ. ಎದ್ದ ಮೇಲೆ ಬೆಳಗಿನ ಬಿಸಿಲಿಗೆ ಸರಿಸಿ. ಅಲ್ಲಿಂದ ಹೂವಿಗೆ ಮೂರರಿಂದ ಐದು ವಾರ.

ಕೆಟ್ಟರೆ ಏನು ಕಾಣುತ್ತದೆ

ಒಂದೇ ಅಗಲ ಎಲೆ ಬಂದು ದೇಟೇ ಇಲ್ಲವೆಂದರೆ ಗೆಡ್ಡೆ ಚಿಕ್ಕದಿತ್ತು. ಆ ಎಲೆಯನ್ನು ಕೀಳದೆ ಮೇಲೆ ಹೇಳಿದಂತೆಯೇ ಸಾಕಿ, ಕೀಳುವಾಗ ಮತ್ತೆ ಅಳೆಯಿರಿ.

ಹೂವು ಎಲೆಗಳ ನಡುವೆ ಸಿಕ್ಕಿಕೊಂಡು ಗಿಡ್ಡ ದೇಟಿನಲ್ಲೇ ಅರಳಿದರೆ ಚಳಿ ಸಾಲಲಿಲ್ಲ. ಮುಂದಿನ ಸಲ ಎರಡು-ಮೂರು ವಾರ ಹೆಚ್ಚಿಸಿ. ದೇಟು ಚೆನ್ನಾಗಿ ಎದ್ದು, ಮೊಗ್ಗು ಮಾತ್ರ ಬಿಳಿ ಕಾಗದದಂತೆ ಒಣಗಿದರೆ ಮೂರರಲ್ಲಿ ಒಂದು ಕಾರಣ: ಇಥಿಲೀನ್, ಬೇಸಿಗೆಯ ಸಂಗ್ರಹದಲ್ಲಿ ಅತಿ ಸೆಕೆ, ಅಥವಾ ಮೊಗ್ಗು ಏಳುವಾಗ ಒಂದೆರಡು ದಿನ ನೀರು ತಪ್ಪಿದ್ದು. ಫ್ರಿಜ್‌ನಲ್ಲಿ ಹಣ್ಣಿತ್ತೇ ಎಂದು ಮೊದಲು ನೆನಪಿಸಿಕೊಳ್ಳಿ.

ಹೂವಿನ ಸ್ವಲ್ಪ ಕೆಳಗೆ ದೇಟಿನ ಮೇಲೆ ನೀರು ತುಂಬಿದಂಥ ಗಾಜಿನ ಬಣ್ಣದ ಮಚ್ಚೆಯಾಗಿ, ಅಲ್ಲಿಂದ ತಲೆ ಮಗುಚಿಕೊಂಡರೆ ಅದು ಕ್ಯಾಲ್ಸಿಯಂ ಕೊರತೆ. ಸೆಕೆಯಲ್ಲಿ ದೇಟು ಬೇಗ ಬೆಳೆಯುವಾಗ ಬೇರು ಸಾಕಷ್ಟು ಪೂರೈಸಲಾರದೆ ಹೀಗಾಗುತ್ತದೆ. ಮೊಳಕೆ ಎದ್ದ ಮೇಲೆ ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಎರಡು ಸಲ, ವಾರದ ಅಂತರದಲ್ಲಿ ಮಣ್ಣಿಗೆ ಕೊಟ್ಟರೆ ತಡೆಯಬಹುದು.

ಎಲೆ ತಿರುಚಿಕೊಂಡು, ಸುಟ್ಟಂತೆ ಕಂದು ಚುಕ್ಕೆ, ತೇವದ ದಿನ ಬೂದು ಬಣ್ಣದ ಬೂಸ್ಟು ಕಂಡರೆ ಅದು ಟುಲಿಪ್ ಬೆಂಕಿರೋಗ, ಬೊಟ್ರಿಟಿಸ್ ಟುಲಿಪೇ ಎಂಬ ಶಿಲೀಂಧ್ರದ್ದು. ಆ ಗಿಡವನ್ನು ಮಣ್ಣು ಸಮೇತ ತೆಗೆದು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗಲ್ಲ. ಅದರ ಕಪ್ಪು ಬೀಜದಂಥ ಗಂಟುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಮೂರು ವರ್ಷ ಆ ಜಾಗದಲ್ಲಿ ಟುಲಿಪ್ ಬೇಡ. ಕುಂಡವನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಎಲ್ಲವೂ ಸರಿಯಿದ್ದು ಮೊಳಕೆಯ ತುದಿಯಲ್ಲಿ ಸಸ್ಯಹೇನು ಕಂಡರೆ ಬೇವಿನೆಣ್ಣೆ 3 ಮಿಲಿಲೀಟರ್, ಸೋಪಿನ ದ್ರಾವಣ ಕೆಲವು ಹನಿ, ಒಂದು ಲೀಟರ್ ನೀರಿಗೆ ಬೆರೆಸಿ ಸಂಜೆ ಸಿಂಪಡಿಸಿ. ಮೊಗ್ಗು ಬಣ್ಣ ತೋರಿದ ಮೇಲೆ ಸಿಂಪಡಿಸಿದರೆ ಎಸಳಿಗೆ ಕಲೆಯಾಗುತ್ತದೆ.

ಮೂರನೇ ವರ್ಷಕ್ಕೂ ಅದೇ ಗೆಡ್ಡೆಯ ವಂಶವನ್ನು ಕಾಪಾಡುವವರು ಹಳೆಯ ಕುಂಡದ ಮಣ್ಣನ್ನು ತುಳಸಿಗೋ ದಾಸವಾಳಕ್ಕೋ ಬಳಸಿಕೊಂಡು, ಟುಲಿಪ್‌ಗೆ ಪ್ರತಿ ಸಲವೂ ಹೊಸ ಮಣ್ಣು ತುಂಬಬೇಕು. ಬೆಂಗಳೂರಿನಲ್ಲಿ ಹತ್ತು ಗೆಡ್ಡೆಯಲ್ಲಿ ಎರಡೋ ಮೂರೋ 10 ಸೆಂ.ಮೀ. ದಾಟಿದರೆ ಕೆಲಸ ಚೆನ್ನಾಗಿಯೇ ಆಗಿದೆ. ಕೊರತೆ ಬಿದ್ದ ಜಾಗಕ್ಕೆ ಹೊಸ ಗೆಡ್ಡೆ ತರುವಾಗ 12 ಸೆಂ.ಮೀ. ಸುತ್ತಳತೆಯದ್ದನ್ನೇ ಕೇಳಿ ತನ್ನಿ. ಚಳಿ ಕೊಟ್ಟ ಗೆಡ್ಡೆಯೋ ಕೊಡದ್ದೋ ಎಂದೂ ವಿಚಾರಿಸಿ. ಚಳಿ ಮುಗಿದದ್ದಾದರೆ ತಂದ ವಾರದೊಳಗೆ ನೆಡಬೇಕು. ಮುಗಿಯದ್ದಾದರೆ ನಿಮ್ಮ ಚೀಲದ ಜೊತೆಗೇ ಫ್ರಿಜ್‌ಗೆ.